ಅಧ್ಯಕ್ಷರ ಅಪ್ಪಣೆ ಮೇರೆಗೆ

ನಾಯಿ, ಇನ್ನೂ ನಾಯಿ, ನಲವತ್ತು ನಿಮಿಷದಿಂದ ಬರೀ ನಾಯಿ, ನಾಲ್ಕನೇ ಕ್ರಾಸಿನ ಕಂದು ನಾಯಿ ಯಾರ ಸ್ಕೂಟರಿನ ಸೀಟು ಕಿತ್ತಿತು, ಕರಿಯದು ಯಾರನ್ನು ಅಟ್ಟಿಸಿಕೊಂಡು ಹೋಯಿತು, ಕಾರ್ಯದರ್ಶಿ ದಿಲೀಪ್ ಮೊಬೈಲು ಎತ್ತಿ ಹಿಡಿದು ಕ್ಯಾಮೆರಾದಲ್ಲಿ ಸಿಕ್ಕಿದ್ದನ್ನು ತೋರಿಸುತ್ತಿದ್ದಾನೆ, ಟೈಮ್ ನೋಡಿ ಸರ್, ಇವತ್ತು ಬೆಳಗ್ಗೆ ಆರು ಹತ್ತು, ಎಲ್ಲರೂ ಕತ್ತು ಚಾಚುತ್ತಾರೆ, ನಾನೂ ಚಾಚುತ್ತೇನೆ, ಆರು ಹತ್ತು — ಆರು ಹತ್ತಕ್ಕೆ ನಾನು ದೊಡ್ಡಮ್ಮನ ಬಾಯಿಗೆ ನೀರು ಬಿಡುತ್ತಿದ್ದೆ, ನೀರು ಒಳಗೆ ಇಳಿಯಲಿಲ್ಲ, ಕೆನ್ನೆ ಮೇಲೆ ಹರಿದು ದಿಂಬು ಸೇರಿತು, ಅವಳ ಮಗ ಶಿವು ನನ್ನ ಭುಜ ಹಿಡಿದು, ಸಾಕು ಬುಡಣ್ಣ, ಅವ್ವ ಓಯ್ತು ಕಣಣ್ಣ, ಅಂದ. ಹೆಣವಿದ್ದ ಮನೆಯಿಂದ ತಲೆಗೆ ನೀರು ಕೂಡ ಹಾಕಿಕೊಳ್ಳದೆ ನೇರ ಇಲ್ಲಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೇನೆ, ಈ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಉಪಾಧ್ಯಕ್ಷ, ಮಡಿಲಲ್ಲಿ ಅಜೆಂಡಾದ ಹಾಳೆ, ಒಂದು ಹಿಂದಿನ ಸಭೆಯ ನಡಾವಳಿ, ಎರಡು ಬೀದಿನಾಯಿ, ಮೂರು ಕ್ಯಾಮೆರಾ, ನಾಲ್ಕು ಚರಂಡಿ, ಹೀಗೇ ಇಳಿದು ಒಂಬತ್ತು, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು — ದೊಡ್ಡಮ್ಮ ಒಂಬತ್ತರಲ್ಲಿದ್ದಾಳೆ. ಮೂರು ಗಂಟೆಗೆ ಎತ್ತಬೇಕು. ಒಂದು ಗಂಟೆ ಹೊತ್ತು ಊರ ಕಡೆಯ ಗೇಟು ತೆಗೆದರೆ ಸಾಕು, ಅಷ್ಟನ್ನು ಕೇಳುವುದಕ್ಕೆ ಎಂಟು ಗಂಟೆಗೇ ಅಧ್ಯಕ್ಷ ಚಂದ್ರಶೇಖರಯ್ಯನವರ ಮನೆಗೆ ಹೋಗಿದ್ದೆ, ಸೂತಕದವನು ಅಂತ ಕಾಂಪೌಂಡಿನ ಆಚೆಯೇ ನಿಂತಿದ್ದೆ, ಅಯ್ಯೋ ಪಾಪ, ಎಂಬತ್ತೈದಾ, ಒಳ್ಳೆ ಸಾವು ಬಿಡಿ ಪುಟ್ಟರಾಜಣ್ಣ, ಆದರೆ ಗೇಟಿನ ವಿಷಯ ನಾನೊಬ್ಬನೇ ಹೇಗೆ ಹೇಳಲಿ, ಹನ್ನೊಂದಕ್ಕೆ ಸಭೆ ಇದ್ದೇ ಇದೆಯಲ್ಲ, ಇತರೆ ವಿಷಯದಲ್ಲಿ ತಗೊಳ್ಳೋಣ. ತಗೊಳ್ಳೋಣ ಸಾರ್ ಅಂದು ಬಂದೆ.

ಪಾರ್ಕಿನ ಈ ಶೆಡ್ಡಿನಿಂದಲೇ ಗೇಟು ಕಾಣುತ್ತದೆ, ಕಪ್ಪು ಕಬ್ಬಿಣ, ಮೇಲೆ ಭರ್ಜಿಯ ಮೊನೆಗಳು, ಹೊರಗಿನವರಿಗೆ ಪ್ರವೇಶವಿಲ್ಲ ಅಂತ ಹಳದಿ ಬೋರ್ಡು, ಅದರಾಚೆ ಮಣ್ಣಿನ ರಸ್ತೆ, ಆಮೇಲೆ ನಮ್ಮೂರು. ಹೊರಗಿನವರು ಅಂದರೆ ನಮ್ಮೂರು. ಊರಿನಿಂದ ಹೊರಟ ಹೆಣ ಈ ರಸ್ತೆ ಹಿಡಿದು, ಈಗ ಬಡಾವಣೆ ಆಗಿರುವ ನಮ್ಮದೇ ಮೇಗಲ ಹೊಲ ದಾಟಿ, ಆ ತುದಿಯಲ್ಲಿ ಉಳಿದಿರುವ ನಮ್ಮ ಒಂದೂವರೆ ಎಕರೆಗೆ ಹೋಗಿ ಮಣ್ಣಾಗಬೇಕು, ದೊಡ್ಡಪ್ಪ ಅಲ್ಲೇ ಇದ್ದಾನೆ, ಅಪ್ಪ ಅಲ್ಲೇ ಇದ್ದಾನೆ, ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ದಿಕ್ಕು ತಿರುಗಿಸುವ ಜಾಗದಲ್ಲಿ ಈಗ ಅಧ್ಯಕ್ಷರ ಬಿಳಿ ಕಾರು ನಿಲ್ಲುತ್ತದೆ. ಮತ್ತೆ ಈ ಗೇಟು ಯಾರು ಹಾಕಿಸಿದ್ದು, ಬಾಯಿ ಬಿಟ್ಟು ಹೇಳಯ್ಯ ಪುಟ್ಟರಾಜು, ಯಾರೂ ಕೇಳಿಸಿಕೊಳ್ಳುತ್ತಿಲ್ಲ, ನಿನಗೆ ನೀನೇ ಹೇಳಿಕೋ — ಹೋದ ವರ್ಷ ಬೆಳಗ್ಗೆ ರಂಗೋಲಿ ಬಿಡುತ್ತಿದ್ದ ನನ್ನ ಹೆಂಡತಿಯ ಕೊರಳಿಗೆ ಬೈಕಿನ ಹಿಂದೆ ಕೂತವನು ಕೈ ಹಾಕಿದ, ಸರ ಕಿತ್ತುಕೊಂಡು ಹೋದ, ಕತ್ತಿನ ಸುತ್ತ ಕೆಂಪಗೆ ಬರೆ ಎದ್ದಿತ್ತು, ತಿಂಗಳುಗಟ್ಟಲೆ ಅವಳು ಬಾಗಿಲಿಗೆ ಬರಲಿಲ್ಲ, ರಂಗೋಲಿ ಬಟ್ಟಲು ಅಟ್ಟ ಸೇರಿತು. ಆ ಸಿಟ್ಟಿನಲ್ಲಿ ಸಭೆಗೆ ಬಂದೆ, ಊರ ಕಡೆಯಿಂದ ಯಾರು ಬೇಕಾದರೂ ನುಗ್ಗಬಹುದು, ಅದೇ ಡೇಂಜರು ಅಂತ ಯಾರೋ ಅಂದರು, ಗೇಟು ಅಂದರು, ಸೂಚಕರು ಚಂದ್ರಶೇಖರಯ್ಯ, ಅನುಮೋದಕರು — ಪುಟ್ಟರಾಜಣ್ಣ ನೀವೇ ಆಗಿಬಿಡಿ, ಲೋಕಲ್‌ನವರು ಅನುಮೋದಿಸಿದರೆ ಊರವರೂ ತಕರಾರು ಮಾಡಲ್ಲ. ದೊಡ್ಡ ಮರ್ಯಾದೆ ಅಂದುಕೊಂಡು ರುಜು ಹಾಕಿದೆ. ಹೆಣದ ನೆನಪೇ ಬರಲಿಲ್ಲ, ಆ ಹೊತ್ತಿಗೆ ಯಾರೂ ಸತ್ತಿರಲಿಲ್ಲವಲ್ಲ. ಮೂರು ತಿಂಗಳಾದ ಮೇಲೆ ಕಳ್ಳರು ಚನ್ನರಾಯಪಟ್ಟಣದಲ್ಲಿ ಸಿಕ್ಕಿಬಿದ್ದರು, ಎಲ್ಲಿಂದಲೋ ಬಂದವರು, ದುದ್ದ ರಸ್ತೆಯ ಕಡೆಗಿರುವ ಬಡಾವಣೆಯ ದೊಡ್ಡ ಕಮಾನಿನ ಅಡಿಯಲ್ಲೇ ಬಂದು ಅಲ್ಲೇ ಹೋಗಿದ್ದರಂತೆ, ನಮ್ಮೂರಿನ ಮಣ್ಣು ಕೂಡ ಮೆಟ್ಟಿರಲಿಲ್ಲ, ಆದರೂ ಗೇಟು ತೆಗೆಸಿ ಅಂತ ಒಬ್ಬರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆಗಿನ್ನೂ ಹಗಲು ಹೊತ್ತು ತೆರೆದಿಡುತ್ತಿದ್ದರು, ಎಂಟು ತಿಂಗಳ ಹಿಂದೆ ಊರಿನದೊಂದು ಹೆಣ ಹೋದ ಮಾರನೆ ದಿನದಿಂದ ಹಗಲೂ ಬೀಗ.

ಟೀ ಬಂತು, ತಗೊಳ್ಳಿ ಅಂಕಲ್ ಅಂದಳು ಧನ್ಯಾ, ಅಧ್ಯಕ್ಷರ ಎದುರು ಮನೆಯವಳು, ಮಕ್ಕಳ ಸುರಕ್ಷತೆಯ ವಿಷಯ ಬಂದರೆ ಅವಳೇ ಮಾತಾಡುವುದು, ಹೆಣ ಎತ್ತುವ ತನಕ ನಾವು ಬಾಯಿಗೆ ಏನೂ ಹಾಕುವುದಿಲ್ಲಮ್ಮ ಅನ್ನಬೇಕಿತ್ತು, ಅನ್ನಲಿಲ್ಲ, ತಗೊಂಡೆ, ಹಿಡಿದುಕೊಂಡೇ ಕೂತೆ, ಕೆನೆ ಕಟ್ಟಿತು. ಹನ್ನೆರಡೂ ಕಾಲು. ಚರಂಡಿ. ಈ ಶೆಡ್ಡು ಇರುವ ಕಡೆ ಆಲೂಗೆಡ್ಡೆ ಹಾಕುತ್ತಿದ್ದೆವು, ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಸಾಲು ಹಿಡಿದು ಗೆಡ್ಡೆ ಆಯುತ್ತಾ ಹೋದರೆ ಹಿಂದಿನಿಂದ ಬರುವ ನಮಗೆ ಒಂದೂ ಸಿಗುತ್ತಿರಲಿಲ್ಲ, ಲೇ ಪುಟ್ಟ, ಕೈ ಓಡುಸ್ಲಾ, ಬಸ್ಸಲ್ಲಿ ಟಿಕೀಟು ಅರ್ಯೋದಲ್ಲ ಇದು, ಅನ್ನುತ್ತಿದ್ದಳು, ಆಗ ನಾನು ಹೊಸದಾಗಿ ಕಂಡಕ್ಟರ್ ಆಗಿದ್ದೆ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಸಾಕಿದವಳು ಇವಳೇ, ಶಿವುಗೆ ಕುಡಿಸಿದ ಮೊಲೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನನಗೂ ಕೊಟ್ಟವಳು. ಹೊಲ ಮಾರುವಾಗ ಎಲ್ಲರೂ ರುಜು ಹಾಕಿದರು, ಇವಳು ಮಾತ್ರ ಒಲ್ಲೆ ಅಂತ ಕೂತಳು, ಮೂರು ದಿನ, ನಾನು ಕಾಲ ಹತ್ತಿರ ಕೂತು ಪುಸಲಾಯಿಸಿದೆ, ಒಲ ಓದ್ರೆ ಓಯ್ತದೆ ದೊಡ್ಡಮ್ಮ, ದಾರಿ ಎಲ್ಲಿಗೋಯ್ತದೆ, ಲೇಔಟ್ನೋರು ಟಾರು ಆಕ್ತಾರೆ, ನಿನ್ನ ಸುಖವಾಗಿ ಒತ್ಕಂಡು ಓಗ್ತೀವಿ. ಬೊಚ್ಚುಬಾಯಿ ಬಿಟ್ಟು ನಕ್ಕಳು. ನೀ ಏಳ್ತೀಯ ಅಂತ ಎಬ್ಬೆಟ್ಟು ಒತ್ತೀನಿ ಕಣ್ಲಾ, ಸತ್ತ ಮ್ಯಾಲೆ ನನ್ನ ಗಾಡಿಗೆ ತುಂಬಬ್ಯಾಡ್ರಿ, ನಾ ಕಳೆ ಕಿತ್ತ ಒಲದ ಮ್ಯಾಲೇ ಓಗ್ಬೇಕು. ಹೆಬ್ಬೆಟ್ಟು ಹಿಡಿದು ಒತ್ತಿಸಿದವನು ನಾನೇ, ಆಮೇಲೆ ಸೆರಗಿಗೆ ಶಾಯಿ ಒರೆಸಿಕೊಂಡಳು. ಆ ಹಣದಲ್ಲಿ ಇದೇ ಬಡಾವಣೆಯ ಮೂಲೆಯಲ್ಲಿ ಮನೆ ಕಟ್ಟಿ, ಊರು ಬಿಟ್ಟು ಇನ್ನೂರು ಮೀಟರು ಆಚೆ ಬಂದು, ಒಳಗಿನವನಾದೆ.

ಮೂವತ್ತೊಂದು ವರ್ಷ ಹಾಸನ–ಹೊಳೆನರಸೀಪುರ ರೂಟಿನಲ್ಲಿ ನನ್ನ ಕೆಲಸ ಇದ್ದದ್ದೇ ದಾರಿ ಬಿಡಿಸುವುದು, ಒಳಗೋಗ್ರಿ, ಜರುಗ್ರಿ, ದಾರಿ ಬಿಡ್ರಿ, ತೊಂಬತ್ತು ಜನ ತುಂಬಿದ ಬಸ್ಸಿನಲ್ಲಿ ಬಸುರಿಗೆ ಸೀಟು ಕೊಡಿಸಿದ್ದೇನೆ, ಕುಡಿದವರ ಕೊರಳಪಟ್ಟಿ ಹಿಡಿದು ಇಳಿಸಿದ್ದೇನೆ, ಇಲ್ಲಿ ಹನ್ನೊಂದು ಜನ, ಅಜೆಂಡಾದ ಹಾಳೆ ಮಡಚಿ ಬಿಡಿಸುತ್ತಾ ಕೂತಿದ್ದೇನೆ. ಒಂದು ಗಂಟೆ ಐದು ನಿಮಿಷ. ಗೇಟಿನಾಚೆ ಒಂದು ಬೈಕು ಬಂದು ನಿಂತಿತು, ಶಿವು, ತಲೆಗೆ ಟವೆಲ್ಲು, ಸರಳು ಹಿಡಿದುಕೊಂಡು ಇತ್ತಲೇ ನೋಡುತ್ತಾನೆ, ಅರಕಲಗೂಡಿನಿಂದ ದೊಡ್ಡಮ್ಮನ ತವರಿನವರು ಸೀರೆ ತಗೊಂಡು ಹೊರಟಿದ್ದಾರಂತೆ, ಬಂದಿರಬೇಕು. ಇತರೆ ವಿಷಯ, ಅಂದರು ಚಂದ್ರಶೇಖರಯ್ಯ, ಗಡಿಯಾರ ನೋಡಿಕೊಂಡು, ಪುಟ್ಟರಾಜಣ್ಣಂದು ಒಂದು ಸಣ್ಣ ವಿಷಯ ಇದೆ, ಬೇಗ ಮುಗಿಸೋಣ, ಊಟದ ಹೊತ್ತು. ಎದ್ದೆ. ನಮ್ ದೊಡ್ಡಮ್ಮ ತೀರ್ಕಂಡವ್ರೆ ಸಾರ್, ಒಂದ್ ಅವರ್ ಗೇಟು ತೆಗೆದ್ರೆ ಸಾಕು, ತಮಟೆ ಬೇಕಾದ್ರೆ ನಿಲ್ಲುಸ್ತೀವಿ, ಪಟಾಕಿ ಹೊಡ್ಯಲ್ಲ, ಹೂವ ಎರಚಲ್ಲ, ಸುಮ್ನೆ ಒತ್ಕಂಡು ಓಗ್ಬುಡ್ತೀವಿ — ಥೂ, ಕೇಳುವ ಮೊದಲೇ ಎಷ್ಟು ಬಿಟ್ಟುಕೊಟ್ಟೆ, ತಮಟೆ ಬಿಟ್ಟುಕೊಡು ಅಂತ ಯಾರು ಕೇಳಿದ್ದರು. ಅಂಕಲ್, ತಪ್ಪು ತಿಳ್ಕೋಬೇಡಿ, ಅಂದಳು ಧನ್ಯಾ, ಕಳೆದ ಸಲ ನಮ್ಮ ಮನೆ ಮುಂದೇನೇ ಇಳಿಸಿಬಿಟ್ರು, ನನ್ನ ಮಗಳು ಕಿಟಕಿಯಲ್ಲಿ ನೋಡಿ ಮೂರು ದಿನ ಜ್ವರ, ಈಗಲೂ ಒಬ್ಬಳೇ ಮಲಗಲ್ಲ. ನಿಜವೇ ಇರಬಹುದು, ಅವಳ ಕಣ್ಣಲ್ಲಿ ನೀರಿತ್ತು, ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ದಿಲೀಪ್ ಎದ್ದ, ಇವತ್ತು ನಿಮಗೆ ಬಿಟ್ಟರೆ ನಾಳೆ ಊರಿಗೆಲ್ಲ ಬಿಡಬೇಕಾಗುತ್ತೆ ಸರ್, ಸೇಫ್ಟಿ ಇಶ್ಯೂ, ಇನ್ನೂರು ಜನ ಒಳಗೆ ಬರ್ತಾರೆ, ಯಾರು ಏನು ಅಂತ ನಮಗೆ ಹೇಗೆ ಗೊತ್ತಾಗುತ್ತೆ. ನನಗೆ ಗೊತ್ತು ಕಣಯ್ಯ, ಆ ಇನ್ನೂರು ಜನರ ಅಪ್ಪಂದಿರ ಹೆಸರೂ ಗೊತ್ತು, ಈ ಹನ್ನೊಂದು ಜನರಲ್ಲಿ ಒಬ್ಬರ ಅಪ್ಪನ ಹೆಸರೂ ಗೊತ್ತಿಲ್ಲ, ಆದರೂ ನಿಮ್ಮ ಜೊತೆ ಕೂತು ಊರಿಗೆ ಬೀಗ ಹಾಕಿದ್ದೇನೆ. ಇದನ್ನು ಹೇಳಬೇಕು, ಈಗ ಹೇಳಬೇಕು, ನಾಲಿಗೆ ತುದಿಗೆ ಬಂದಿದೆ — ಅದೂ ಅಲ್ಲದೆ, ಅಂದರು ಅಧ್ಯಕ್ಷರು ನಗುತ್ತಾ, ನಡಾವಳಿ ಪುಸ್ತಕದ ಹಾಳೆ ತಿರುಗಿಸಿ, ಈ ನಿರ್ಣಯಕ್ಕೆ ಅನುಮೋದಕರು ನೀವೇ ಅಲ್ವೇ. ಎಲ್ಲರೂ ಮೆಲ್ಲಗೆ ನಕ್ಕರು, ಕೆಟ್ಟ ನಗು ಅಲ್ಲ ಅದು, ಮನೆಯವನ ಕಾಲೆಳೆಯುವಂಥ ನಗು, ನಾನೂ ನಕ್ಕೆ, ದೊಡ್ಡಮ್ಮನ ಹೆಣ ಅಂಗಳದಲ್ಲಿರುವಾಗ ಹಲ್ಲು ಬಿಟ್ಟು ನಕ್ಕೆ.

ಆಮೇಲೆ ಅವರು ಕೈಬಿಡಲಿಲ್ಲ, ಕೈಬಿಟ್ಟಿದ್ದರೆ ಒಳ್ಳೆಯದಿತ್ತು, ಒಂದು ಕೆಲಸ ಮಾಡೋಣ, ಅಂದರು ಚಂದ್ರಶೇಖರಯ್ಯ, ಶವದ ಗಾಡಿಯವನು ನನಗೆ ಪರಿಚಯ, ಎ.ಸಿ. ಗಾಡಿ, ಗಾಜಿನದು, ಬೈಪಾಸ್ ಮೇಲೆ ಸುತ್ತಿ ಹೋದರೆ ಇಪ್ಪತ್ತು ನಿಮಿಷ, ಸಂಘದ ವತಿಯಿಂದಲೇ ಕಳಿಸೋಣ, ಅಜ್ಜಿ ಗೌರವವಾಗಿ ಹೋಗಲಿ, ನಮ್ಮ ಉಪಾಧ್ಯಕ್ಷರ ಮನೆ ಸಾವು ಅಂದರೆ ನಮ್ಮನೆ ಸಾವೇ ಅಲ್ವೇ. ಹೌದು ಹೌದು ಅಂದರು ಎಲ್ಲರೂ, ಒಬ್ಬರು ಹಾರ ನಾನು ತರ್ತೀನಿ ಅಂದರು, ಧನ್ಯಾ ಕಣ್ಣೊರೆಸಿಕೊಂಡಳು, ದಿಲೀಪ್ ಬರೆದುಕೊಂಡ, ಓದಿದ, ಶ್ರೀ ಪುಟ್ಟರಾಜು ಅವರ ಒಪ್ಪಿಗೆಯ ಮೇರೆಗೆ ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಒಪ್ಪಿದೆನೇ, ಯಾವಾಗ ಒಪ್ಪಿದೆ, ಬಾಯಿ ತೆರೆದದ್ದೇ ನೆನಪಿಲ್ಲ. ಒಂದು ನಿಮಿಷ ಮೌನ ಆಚರಿಸೋಣ ಅಂದರು. ಹನ್ನೊಂದು ಜನ ಎದ್ದು ನಿಂತು ತಲೆ ತಗ್ಗಿಸಿದರು, ಅವಳನ್ನು ಒಮ್ಮೆಯೂ ನೋಡದವರು, ಅವಳು ಕಳೆ ಕಿತ್ತ ಹೊಲದ ಮೇಲೆ ನಿಂತು, ಅವಳನ್ನು ಈ ಹೊಲಕ್ಕೆ ಬಿಡುವುದಿಲ್ಲ ಅಂತ ತೀರ್ಮಾನ ಮಾಡಿ ಐದು ನಿಮಿಷವೂ ಆಗಿಲ್ಲ, ಅವಳ ಆತ್ಮಕ್ಕೆ ಶಾಂತಿ ಕೋರುತ್ತಿದ್ದಾರೆ, ಕೂಗಬೇಕು, ಈಗಲಾದರೂ ಕೂಗಬೇಕು, ಕುರ್ಚಿ ಎತ್ತಿ ಒಗೆಯಬೇಕು — ಮೌನ ಮುಗಿಯಿತು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಏನಾದರೂ ಹೇಳಲಿ ಅಂತ ಕಾಯುತ್ತಿದ್ದಾರೆ, ನಾನು ಹೇಳಿದೆ, ಎರಡೂ ಕೈ ಜೋಡಿಸಿ, ದೊಡ್ಡ ಉಪಕಾರ ಆಯ್ತು ಸಾರ್, ಎಲ್ರಿಗೂ ದೊಡ್ಡ ಉಪಕಾರ ಆಯ್ತು.

ಗೇಟಿನ ಕಡೆ ನಡೆದೆ, ಬೇರೆ ಎಲ್ಲಿಗೆ ನಡೆಯಲಿ. ಶಿವು ಸರಳಿನ ನಡುವೆ ಮುಖ ತಂದು, ಏನಂದ್ರಣ್ಣ, ಬೀಗದ ಕೈ ತಂದ್ಯಾ, ಅಂದ, ಅರಕಲಗೂಡ್ನೋರು ಬಂದವ್ರೆ, ಸೀರೆ ಉಡುಸ್ತಾವ್ರೆ, ಬಾ ಬೇಗ್ನೆ. ಗಾಡಿ ಕಳುಸ್ತಾರಂತೆ ಶಿವು, ಅಂತ ಒಳಗೇ ಕಟ್ಟಿಕೊಂಡೆ, ಎ.ಸಿ. ಗಾಡಿ ಕಣೋ, ಗಾಜಿಂದು, ಬೈಪಾಸ್ ಮ್ಯಾಲೆ, ಅಲ್ಲ, ಹೀಗಲ್ಲ, ಬೇರೆ ಥರ ಹೇಳಬೇಕು, ಅವ್ರೇನೂ ಕೆಟ್ಟೋರಲ್ಲ ಕಣ್ಲಾ, ಅಲ್ಲ, ಅದೂ ಬೇಡ, ಅವನು ಮುಖ ನೋಡಿಯೇ ಅರ್ಥ ಮಾಡಿಕೊಂಡಿದ್ದಾನೆ, ಸಿಟ್ಟು ಮಾಡುತ್ತಾನೆ ಅಂದುಕೊಂಡೆ, ಬೈಯಲಿ, ನನ್ನ ಹೆಸರು ಹಿಡಿದು ಊರೆಲ್ಲ ಕೇಳುವ ಹಾಗೆ ಬೈಯಲಿ, ಅವನು ಬೈಯಲಿಲ್ಲ, ನನ್ನ ಮುಖವನ್ನೂ ನೋಡುತ್ತಿಲ್ಲ, ಅದಕ್ಕಿಂತ ಕೆಳಗೆ, ಎದೆಯ ಹತ್ತಿರ ಏನನ್ನೋ ನೋಡುತ್ತಿದ್ದಾನೆ, ಕೈ ಇಳ್ಸಣ್ಣ, ಅಂದ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ, ಅವ್ರೆಲ್ಲ ನೋಡ್ತಾವ್ರೆ, ಮೊದ್ಲು ಕೈ ಇಳ್ಸು — ನೋಡಿಕೊಂಡೆ, ಎರಡು ಕೈ, ಜೋಡಿಸಿದ್ದು ಜೋಡಿಸಿದ ಹಾಗೇ ಇದೆ, ಶೆಡ್ಡಿನಿಂದ ಇಲ್ಲಿಯ ತನಕ ಹೀಗೇ ನಡೆದು ಬಂದಿದ್ದೇನೆ, ಇಳಿಸಬೇಕು, ಇಳಿಸುತ್ತೇನೆ ಶಿವು, ಹಿಂದಿನಿಂದ ಯಾರೋ ಪುಟ್ಟರಾಜಣ್ಣ ಅಂತ ಪ್ರೀತಿಯಿಂದಲೇ ಕೂಗುತ್ತಿದ್ದಾರೆ, ತಿರುಗಿದೆ, ತಿರುಗಿದಾಗಲೂ ಎರಡು ಕೈ, ಮತ್ತೆ ಶಿವು ಕಡೆ ತಿರುಗಿದೆ, ಆಗಲೂ, ಅವನಿಗೂ, ಕೈ ಇಳ್ಸಣ್ಣ, ಎರಡು ಕೈ, ಜೋಡಿಸಿದ ಎರಡು ಕೈ.