ಧರ್ಮನಿಧಿಯ ಹೆಣ್ಣುಮಕ್ಕಳು

“ಲೇ ಉಚ್ಚಂಗಿ, ಸಗಣಿ ಕೈಲಿ ಲಂಗ ಮುಟ್ಟಿದ್ರೆ ಚರ್ಮ ಸುಲೀತೀನಿ! ಬುಟ್ಟಿ ಚೆಲ್ಲಿ ಬಾರೇ, ದರಿದ್ರ ಮುಂಡೆ!”

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅನ್ನಪೂರ್ಣಮ್ಮ ಇಸ್ತ್ರಿ ಮಾಡಿದ ನೀಲಿ ಲಂಗಗಳನ್ನು ಹಂಚುತ್ತಿದ್ದಳು. ಅವಳ ಗಂಡ ಷಣ್ಮುಖಪ್ಪ ಧರ್ಮನಿಧಿಯ ಅಧ್ಯಕ್ಷ. ಬಡವರ ಹೆಣ್ಣುಮಕ್ಕಳಿಗೆ ಊಟ, ವಸತಿ, ವಿದ್ಯೆ ಪುಕ್ಕಟೆ ಎಂದು ಹೊನ್ನಾಳಿಯಿಂದ ಜಗಳೂರಿನವರೆಗೂ ಗೋಡೆಗಳ ಮೇಲೆ ಬರೆಸಿದ್ದ. ಎಪ್ಪತ್ತೊಂಬತ್ತರಲ್ಲಿ ಅದನ್ನು ನಂಬಿ ಬಂದ ಹನ್ನೆರಡು ಹುಡುಗಿಯರಲ್ಲಿ ನಾನೂ ಒಬ್ಬಳು. ನಾವು ಪುಸ್ತಕ ಹಿಡಿಯುತ್ತಿದ್ದುದು ಅನುದಾನ ಕೊಡುವ ಸರ್ಕಾರದ ಸಾಹೇಬರು ತನಿಖೆಗೆ ಬರುವ ದಿನ ಮಾತ್ರ. ಉಳಿದಂತೆ ಅವರ ಎಮ್ಮೆ, ಅವರ ಅಡಿಕೆ, ಅವರ ಬಾಣಂತಿಯರ ಬಟ್ಟೆ. ಸಾಹೇಬರ ಜೀಪು ತಿರುವು ದಾಟಿತೋ, ಲಂಗ ಮರಳಿ ಪೆಟ್ಟಿಗೆಗೆ.

ಅಂದು ಉಚ್ಚಂಗಿಯ ಅವ್ವ ಚೌಡಕ್ಕ ಬಂದಳು. ಜಗಳೂರು ಕಡೆಯಿಂದ ಬಸ್ಸು ಬದಲಿಸಿ, ಮಡಿಲಲ್ಲಿ ಶೇಂಗಾ ಕಟ್ಟಿಕೊಂಡು, ಎರಡು ವರ್ಷದ ಮೇಲೆ ಮಗಳನ್ನು ನೋಡಲು. ತಲೆಯ ಮೇಲೆ ಸಗಣಿ ಬುಟ್ಟಿ ಹೊತ್ತಿದ್ದ ಮಗಳನ್ನು ಕಂಡು ನಿಂತಲ್ಲೇ ನಿಂತಳು.

“ಇವತ್ತು ಇಸ್ಕೂಲು ರಜಾನಾ ಮಗಾ?”

“ಇಸ್ಕೂಲಿಗೆ ನಾನು ಹೋಗೇ ಇಲ್ಲವ್ವಾ.”

“ತಿಂಗ್ಳಿಗೊಂದು ಕಾಗ್ದ ಬರೀತಿದ್ಯಲ್ಲೇ? ಮೇಷ್ಟ್ರ ಕೈಲಿ ಓದ್ಸಿ ಕೇಳ್ತಿದ್ದೆ.”

“ಅದ್ನ ಇವ್ರ ಗುಮಾಸ್ತ ಬರೀತಿದ್ದ.”

“ಏಯ್, ಕೇರಿಯೋಳೇ, ಒಳಗ್ಯಾಕೆ ಬಂದ್ಯೇ?” ಅನ್ನಪೂರ್ಣಮ್ಮ ಅರಚಿದಳು. “ಉಣ್ಣಾಕೆ ಗತಿ ಇಲ್ದ ಜಾತಿಗೆ ಕೂಳು ಹಾಕ್ತಿರೋದೇ ಹೆಚ್ಚು. ನಡಿ ಆಚೆಗೆ!”

ಹೊರಗೆ ಜೀಪಿನ ಹಾರ್ನ್ ಕೇಳಿಸಿತು. ಲಂಗ ತೊಟ್ಟಿದ್ದ ನಮ್ಮನ್ನು ದಬ್ಬಿಕೊಂಡು ಅವಳು ಓಡಿದಳು. ಬುಟ್ಟಿ ಇಳಿಸಹೋದ ಮಗಳ ಮೊಣಕೈಯನ್ನು ಚೌಡಕ್ಕ ಹಿಡಿದದ್ದು ಕಂಡಿತು.

“ಇಳಿಸ್ಬ್ಯಾಡ. ಹಿಂಗೇ ಬಾ.”

ಶಾಮಿಯಾನದಡಿ ನಮ್ಮನ್ನು ಸಾಲಾಗಿ ಕೂರಿಸಿದ್ದರು. ‘ಈ ಮಕ್ಕಳಿಗೆ ನಾನೇ ತಂದೆ’ ಎಂದು ಷಣ್ಮುಖಪ್ಪ ಮೈಕಿನಲ್ಲಿ ಹೇಳುತ್ತಿರುವಾಗಲೇ ತಾಯಿ ಮಗಳು ವೇದಿಕೆ ಹತ್ತಿದರು. ಬುಟ್ಟಿಯ ರಸ ಉಚ್ಚಂಗಿಯ ಕೆನ್ನೆಗೆ ಇಳಿಯುತ್ತಿತ್ತು.

“ಸಾಹೇಬ್ರೇ, ಇವ್ಳು ಆರನೇ ಕ್ಲಾಸಂತೆ. ಏನಾರ ಓದ್ಸಿ ನೋಡ್ರಿ.”

ಸಾಹೇಬರು ಆಮಂತ್ರಣ ಪತ್ರಿಕೆ ಚಾಚಿದರು. ಬುಟ್ಟಿಯನ್ನು ಕಾಲ ಬಳಿ ಇಳಿಸಿ ಉಚ್ಚಂಗಿ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಳು.

“ಮಂದಬುದ್ಧಿ ಕೂಸು ಸಾರ್,” ಎಂದ ಷಣ್ಮುಖಪ್ಪ. “ನಾವು ಸಾಕದಿದ್ರೆ ಬೀದೀಲಿ ಭಿಕ್ಷೆ ಬೇಡ್ತಿದ್ಲು.”

ಸಾಹೇಬರು ತಲೆಯಾಡಿಸಿ ಗೋಡಂಬಿ ತಟ್ಟೆಗೆ ಕೈ ಹಾಕಿದರು.

ಚೌಡಕ್ಕನ ದನಿ ಏರಲಿಲ್ಲ. “ಕೇಳ್ದೇನೇ? ನೀನು ದಡ್ಡಿಯಂತೆ. ಎರಡು ವರ್ಷ ಏನು ಕಲ್ತೆ, ತೋರ್ಸು ಮಗಾ.”

ಉಚ್ಚಂಗಿ ಬಗ್ಗಿ ಎರಡೂ ಕೈ ತುಂಬಿಕೊಂಡಳು. ದಿನಕ್ಕೆ ನೂರು ಬೆರಣಿ ತಟ್ಟಿ ನುರಿತ ಕೈ. ಒಂದು ಷಣ್ಮುಖಪ್ಪನ ಬಿಳಿ ಜುಬ್ಬದ ಎದೆಗೆ, ಒಂದು ಮುಖಕ್ಕೆ. ಐದೂ ಬೆರಳು ಅಚ್ಚೊತ್ತಿದಂತೆ ಮೂಡಿದವು.

ಗುಮಾಸ್ತ ಓಡಿಬಂದು ಅವಳ ಜಡೆ ಹಿಡಿದೆಳೆದ. ಚೌಡಕ್ಕ ಅವನ ಕೈ ಕಚ್ಚಿದಳು. ಸಾಹೇಬರು ಜೀಪಿನತ್ತ ಓಡಿದರು.

ನಾನು ಎದ್ದೆ. ನನ್ನ ಪಕ್ಕದವಳೂ ಎದ್ದಳು. ಬುಟ್ಟಿಯಲ್ಲಿ ಇನ್ನೂ ಬೇಕಾದಷ್ಟಿತ್ತು.