ಆನೆ ಪಾರ್ಟಿಯವನ ಹಿಡಿಮಣ್ಣು

ಶಿವರುದ್ರಮ್ಮ ಗಂಡನ ಕೊರಳಿಗೆ ಆಗಷ್ಟೇ ಬಿದ್ದಿದ್ದ ಸುಗಂಧರಾಜದ ಹಾರವನ್ನು ಕಿತ್ತು ಅಂಗಳಕ್ಕೆ ಎಸೆದಳು. ಹಾರ ಹೋಗಿ ಚಪ್ಪಲಿಗಳ ರಾಶಿಯ ಮೇಲೆ ಬಿತ್ತು. ಬೆಳಗಿನಿಂದ ಗೊಳೋ ಎನ್ನುತ್ತಿದ್ದ ಹೆಂಗಸರು ಒಮ್ಮೆಗೇ ಬಾಯಿ ಮುಚ್ಚಿದರು. ಗೋಡೆಗೊರಗಿಸಿ ಕೂರಿಸಿದ್ದ ಕರಿಬಸವಯ್ಯ ಮಾತ್ರ ಹಣೆಯ ತುಂಬ ವಿಭೂತಿ ಬಳಿಸಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೂತಿದ್ದ. ಬದುಕಿದ್ದಾಗ ಅವನು ಯಾವ ಜಗಳದಲ್ಲೂ ಹೀಗೆ ಸುಮ್ಮನೆ ಕೂತವನಲ್ಲ.

ಹಾರ ಹಾಕಿ ಹಿಂದೆ ಸರಿದಿದ್ದ ಸದಾಶಿವಯ್ಯ ಹೊಸ್ತಿಲ ಹೊರಗೆ ನಿಂತಿದ್ದ. ಎಪ್ಪತ್ತು ದಾಟಿದ ಆಳು, ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಸಾವಿನ ಮನೆಗೆ ಬರುವವರು ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ಇವನದು ಕೋರ್ಟಿಗೆ ಬಂದವನ ಮುಖ. ಬಗ್ಗಿ ಹಾರವನ್ನು ಎತ್ತಿಕೊಂಡು, ಅದಕ್ಕೆ ಅಂಟಿದ್ದ ಧೂಳನ್ನು ಒದರಿದ.

"ಹೂವು ಬ್ಯಾಡ ಅಂದ್ರೆ ಬ್ಯಾಡ," ಎಂದ. "ಮಣ್ಣು ಹಾಕ್ಬುಟ್ಟು ಹೋಯ್ತೀನಿ. ಮೂರು ಹಿಡಿ. ಇನ್ನೇನೂ ಕೇಳಲ್ಲ."

"ಅವರು ಬದುಕಿದ್ದಾಗ್ಲೇ ಬಾಯಿಗೆ ಮಣ್ಣು ಹಾಕಿದ್ದೀಯಲ್ಲ, ಅದೇ ಸಾಕು," ಎಂದಳು ಶಿವರುದ್ರಮ್ಮ. ಮೂವತ್ತು ವರ್ಷ ಸದಾಶಿವಣ್ಣ ಎಂದು ಕರೆದು ಕಾಫಿ ಕೊಟ್ಟವಳು ಈಗ ಏಕವಚನಕ್ಕೆ ಇಳಿದಿದ್ದಳು.

ಗುಂಡಿಗೆ ಇಳಿಸಿದ ಮೇಲೆ ಮೂರು ಹಿಡಿ ಮಣ್ಣು ಹಾಕಿದರೆ ಸತ್ತವನ ಜೊತೆಗಿನ ಋಣ ಹರಿಯಿತು ಎಂದು ಆ ಕಡೆಯವರ ನಂಬಿಕೆ. ಹಾಕದೆ ಉಳಿದವನು ಆ ವ್ಯಾಜ್ಯವನ್ನು ತಾನು ಸಾಯುವವರೆಗೂ ಹೊತ್ತು ತಿರುಗಬೇಕು. ಪೊಲೀಸು, ತಹಸೀಲ್ದಾರು, ಯಾರಿಗೂ ಹೆದರದ ಸದಾಶಿವಯ್ಯ ಇದೊಂದಕ್ಕೆ ಹೆದರಿದ್ದ. ಅದಕ್ಕೇ ಮಾನ ಬಿಟ್ಟು ಬಂದಿದ್ದ. ಹೆದರಿದ್ದೇನೆಂದು ತೋರಿಸಿಕೊಳ್ಳಲು ಮಾತ್ರ ಅವನಿಂದ ಆಗಲಿಲ್ಲ. ಆಗಿದ್ದರೆ ಕೆಲಸ ಸಲೀಸಾಗುತ್ತಿತ್ತೋ ಏನೋ.

ಕರಿಬಸವಯ್ಯನ ತಮ್ಮನ ಮಗ ದಯಾನಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ. ದೊಡ್ಡಮ್ಮ ಬೇಡ ಅಂದಮೇಲೆ ಬೇಡ, ಹೊರಡಿ ಎಂದ. ಸದಾಶಿವಯ್ಯ ಹಾರವನ್ನು ಕಂಕುಳಲ್ಲಿ ಇರುಕಿಕೊಂಡು, ಹೊರಡದೆ, ಎದುರು ಮನೆಯ ಜಗುಲಿಯ ಮೇಲೆ ಹೋಗಿ ಕೂತ. ಜಗುಲಿ ಬೇರೆಯವರದು, ಅಲ್ಲಿಂದ ಎಬ್ಬಿಸುವ ಅಧಿಕಾರ ದಯಾನಂದನಿಗೆ ಇರಲಿಲ್ಲ.

*

ಕರಿಬಸವಯ್ಯ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮೂವತ್ತೆಂಟು ವರ್ಷ ಪೇಪರ್ ಏಜೆಂಟ್ ಆಗಿದ್ದ. ನಸುಕಿನಲ್ಲಿ ಬಸ್ಸಿನಿಂದ ಬಂಡಲು ಬೀಳುತ್ತಿತ್ತು. ತಾನು ಓದುವ ಮೊದಲು ಒಂದು ಪ್ರತಿಯನ್ನೂ ಅವನು ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಸುತ್ತಿನ ಹಳ್ಳಿಗಳಿಗೆ ಪೇಪರು ತಡವಾಗಿಯೇ ಹೋಗುತ್ತಿತ್ತು, ಮಡಿಕೆ ಕೆಟ್ಟೇ ಹೋಗುತ್ತಿತ್ತು. ಕೇಳಿದರೆ, ಸುದ್ದಿ ಹಳಸುವುದಿಲ್ಲ ಎನ್ನುತ್ತಿದ್ದ.

ಸದಾಶಿವಯ್ಯನ ತೋಟ ಇವನ ನಲವತ್ತು ಮರದ ತೋಟದ ಪಕ್ಕದ್ದೇ. ನಡುವೆ ಕತ್ತಾಳೆ ಬೇಲಿ. ಬೆಳಗ್ಗೆ ತೋಟ ನೋಡಿಕೊಂಡು ಏಳಕ್ಕೆ ಬಂದು ಅಂಗಡಿ ಮುಂದಿನ ಬೆಂಚಿನಲ್ಲಿ ಕೂತನೆಂದರೆ ಹತ್ತಕ್ಕೇ ಏಳುತ್ತಿದ್ದುದು. ಮೊದಮೊದಲು ಇಬ್ಬರೂ ತಮ್ಮ ಕಡೆಯ ರಾಜಕೀಯವನ್ನೇ ಮಾತಾಡುತ್ತಿದ್ದರು. ಒಂದು ಪಂಚಾಯಿತಿ ಚುನಾವಣೆಯಲ್ಲಿ ಸದಾಶಿವಯ್ಯ ತನ್ನ ಸ್ವಂತ ಅಣ್ಣನ ಜೊತೆ ಮಾತು ಬಿಟ್ಟ. ಅದೇ ಗಲಾಟೆಯಲ್ಲಿ ನಿಶ್ಚಯವಾಗಿದ್ದ ಒಂದು ಮದುವೆಯೂ ಮುರಿಯಿತು. ಆಗ ಕರಿಬಸವಯ್ಯ ಒಂದು ಉಪಾಯ ಹೇಳಿದ.

"ಇನ್ನು ಮ್ಯಾಲೆ ಈ ಬೆಂಚಲ್ಲಿ ಅಮೆರಿಕ ಬುಟ್ಟು ಬೇರೆ ಮಾತು ಬ್ಯಾಡ ಕಣ್ಲಾ. ಅಲ್ಲಿ ಯಾವನೂ ನಮ್ ನೆಂಟ ಇಲ್ಲ. ಯಾರಿಗೂ ನೋವಾಗಲ್ಲ."

ಅಲ್ಲಿಯ ಎರಡು ಪಾರ್ಟಿಗಳಲ್ಲಿ ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ಸದಾಶಿವಯ್ಯ ಮೊದಲೇ ಆನೆ ಹಿಡಿದ. ಉಳಿದದ್ದು ಕತ್ತೆ. ಕರಿಬಸವಯ್ಯ ಕತ್ತೆಯನ್ನೇ ಕಟ್ಟಿಕೊಂಡು, ಬಡವರ ಪರ ಇರುವುದು ಇದೇ ಎಂದು ವಾದಿಸಲು ತೊಡಗಿದ. ಜಾಸ್ತಿ ಓಟು ಬಿದ್ದವನು ಸೋತು ಕಡಿಮೆ ಬಿದ್ದವನು ಗೆದ್ದ ವರ್ಷ ಬೆಂಚು ಮುರಿಯುವುದೊಂದು ಬಾಕಿ. ಇದು ಯಾವ ಸೀಮೆಯ ನ್ಯಾಯ ಎಂದು ಇವನು ಕೂಗಿದರೆ, ನಮ್ಮ ಡೈರಿ ಅಧ್ಯಕ್ಷನಿಗೆ ನೀನು ಓಟು ಹಾಕಿದ್ದೀಯೇನು, ಡೈರೆಕ್ಟರುಗಳು ಕೂತು ಆರಿಸಲಿಲ್ಲವೇ ಎಂದು ಅವನು ಕೂಗುತ್ತಿದ್ದ. ಬಸ್ಸು ಕಾಯುವವರು ನಿಂತು ಕೇಳಿ, ತಮ್ಮ ಬಸ್ಸನ್ನೇ ತಪ್ಪಿಸಿಕೊಳ್ಳುತ್ತಿದ್ದರು. ಆ ದೇಶದ ಸಂವಿಧಾನದ ತಿದ್ದುಪಡಿಗಳು ಇಬ್ಬರಿಗೂ ಬಾಯಿಪಾಠ. ಕರಿಬಸವಯ್ಯನಿಗೆ ಮೊದಲನೆಯದು ಪ್ರಾಣ: ಯಾರ ಬಾಯನ್ನೂ ಯಾರೂ ಮುಚ್ಚಿಸಬಾರದು. ಸದಾಶಿವಯ್ಯನಿಗೆ ಎರಡನೆಯದು: ಮನುಷ್ಯನ ಕೈಯಿಂದ ಕೋವಿಯನ್ನು ಸರ್ಕಾರ ಕಿತ್ತುಕೊಳ್ಳಬಾರದು.

ಸುಮ್ಮನೆ ಅಲ್ಲ. ಸದಾಶಿವಯ್ಯನ ಹತ್ತಿರ ಅವನಪ್ಪನ ಕಾಲದ ಲೈಸೆನ್ಸ್ ಕೋವಿಯೊಂದಿತ್ತು.

*

ಮಧ್ಯಾಹ್ನ ಹೆಣ ಎತ್ತಿದರು. ತೋಟದ ದಾರಿಯುದ್ದಕ್ಕೂ ಸದಾಶಿವಯ್ಯ ಎಲ್ಲರಿಗಿಂತ ಹಿಂದೆ, ಐವತ್ತು ಹೆಜ್ಜೆ ಅಂತರದಲ್ಲಿ ನಡೆದು ಬಂದ. ರಸ್ತೆ ಪಂಚಾಯಿತಿಯದು. ದಯಾನಂದ ಎರಡು ಸಲ ತಿರುಗಿ ನೋಡಿದ, ಏನೂ ಅನ್ನಲಿಲ್ಲ.

ಅಂದವರು ಬೇರೆಯವರು. ಕಾಯಿ ವ್ಯಾಪಾರದ ದೊಡ್ಡರಂಗಯ್ಯ, ಎಲ್ಲಿಯೋ ಇರುವ ಅಮೆರಿಕದ ಸಲುವಾಗಿ ಇಲ್ಲಿ ಹೆಣದ ಮುಂದೆ ಜಗಳವೇ, ನಾಚಿಕೆಯಾಗಬೇಕು ಎಂದ. ಅಮೆರಿಕ ಅಲ್ಲ, ಅರ್ಜಿ ಕಾರಣ, ಸತ್ತವನೇ ಅರ್ಜಿ ಬರೆದು ಆ ಮುದುಕನ ಕೋವಿ ಕಳೆದದ್ದು ಎಂದ ಇನ್ನೊಬ್ಬ. ಅರ್ಜಿ ಬರೆದದ್ದೇ ಸರಿ, ಪಟಾಕಿ ಹೊಡೆದದ್ದು ಸರಿಯೇ ಎಂದು ಕೇಳಿದ ದಯಾನಂದ. ಎರಡು ನಿಮಿಷದಲ್ಲಿ ಹೆಣ ಹೊತ್ತವರಲ್ಲೇ ಎರಡು ಪಾರ್ಟಿಯಾಯಿತು. ಆನೆಯ ಕಡೆಯವನೊಬ್ಬ ಹೆಗಲು ಬದಲಿಸಲು ಒಪ್ಪಲಿಲ್ಲ. ಹೆಣ ಕೂರಿಸಿದ್ದ ವಿಮಾನ ಒಂದು ಕಡೆಗೆ ವಾಲಿ, ಕರಿಬಸವಯ್ಯನ ತಲೆ ಆನೆಯವರ ಕಡೆಗೇ ಹೊರಳಿತು. ಮುಂದೆ ನಡೆಯುತ್ತಿದ್ದ ಅಯ್ಯನೋರು ಶಂಖ ಇಳಿಸಿ ಬೈದ ಮೇಲೆ ಸುಮ್ಮನಾದರು.

*

ತೆಂಗಿನ ತೋಟವಿರುವ ಯಾರನ್ನು ಬೇಕಾದರೂ ಕೇಳಿ, ಕೋತಿ ಕಾಟ ಏನೆಂದು ಹೇಳುತ್ತಾರೆ. ಕಾಯಿ ಇನ್ನೂ ಅಂಗೈಯಗಲ ಇರುವಾಗಲೇ ಕಿತ್ತು, ಒಂದು ಕಚ್ಚು ಕಚ್ಚಿ ಎಸೆಯುತ್ತವೆ. ಹನುಮಂತನೆಂದು ಕೊಲ್ಲುವಂತಿಲ್ಲ, ಬಿಟ್ಟರೆ ಬದುಕುವಂತಿಲ್ಲ. ಸದಾಶಿವಯ್ಯ ಕೋವಿಗೆ ಬರೀ ಮದ್ದು ತುಂಬಿ ಗಾಳಿಗೆ ಒಂದು ಸದ್ದು ಮಾಡಿದನೆಂದರೆ ಎರಡೂ ತೋಟ ವಾರ ಕಾಲ ತಣ್ಣಗಿರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು. ಒಪ್ಪಿಸಿ ಬಂದ ದಿನ ಅವನು ಹೆಣ್ಣು ಕಳಿಸಿದ ಅಪ್ಪನಂತೆ ಮಂಕಾಗಿ ಕೂತು, ಅಮೆರಿಕದಲ್ಲಾಗಿದ್ದರೆ ಹೀಗೆ ಮಾಡುತ್ತಿದ್ದರೇನು ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ, ಲೋಕಸಭೆ ಚುನಾವಣೆಯ ಮುಂಚೆ, ಕೋವಿ ಒಪ್ಪಿಸಲು ಹೊರಟವನು ದಾರಿಯಲ್ಲಿ ಅಂಗಡಿಗೆ ಬಂದ. ಅಂದಿನ ಪೇಪರಿನಲ್ಲಿ ಆ ದೇಶದ ಶಾಲೆಯೊಂದರಲ್ಲಿ ಮಕ್ಕಳು ಗುಂಡಿಗೆ ಸತ್ತ ಸುದ್ದಿಯಿತ್ತು. ಇದೇನಾ ನಿನ್ನ ಹಕ್ಕು ಎಂದು ಕರಿಬಸವಯ್ಯ ಆ ಪುಟವನ್ನು ಅವನ ಮುಖಕ್ಕೆ ಹಿಡಿದ. ಮಾತು ಏರಿತು. ಸದಾಶಿವಯ್ಯ ಹೆಗಲಿನ ಕೋವಿ ಇಳಿಸಿ ಆ ಪುಟದ ಮೇಲೇ ಧಡ್ಡನೆ ಇಟ್ಟು, "ಇದೇ ಕಣ್ಲಾ ಹಕ್ಕು, ಏನಿವಾಗ?" ಎಂದ. ಕೋವಿಯಲ್ಲಿ ಮದ್ದಿರಲಿಲ್ಲ. ಆದರೆ ಕೊಳವೆ ಕರಿಬಸವಯ್ಯನ ಹೊಟ್ಟೆಯ ನೇರಕ್ಕಿತ್ತು.

ಕರಿಬಸವಯ್ಯ ಕೋವಿಯ ಕೆಳಗಿಂದ ಆ ಪುಟವನ್ನು ಎಳೆದು ಮಡಿಸಿಟ್ಟುಕೊಂಡ. ಸಂಜೆ ಕೂತು ಎರಡು ಪುಟದ ಅರ್ಜಿ ಬರೆದ. ಮಾತಿಗೆ ಉತ್ತರವಾಗಿ ಕೋವಿ ಇಡುವವನ ಕೈಗೆ ಕೋವಿ ವಾಪಸ್ಸು ಕೊಡಬಾರದೆಂದು ಬರೆದು ರುಜು ಹಾಕಿ ಠಾಣೆಗೆ ಕಳಿಸಿದ. ಚುನಾವಣೆ ಮುಗಿದು ಎಲ್ಲರ ಕೋವಿಯೂ ಮನೆಗೆ ಬಂತು, ಸದಾಶಿವಯ್ಯನದು ಬರಲಿಲ್ಲ. ಲೈಸೆನ್ಸು ನವೀಕರಣವೂ ಆಗಲಿಲ್ಲ. ಆ ವರ್ಷ ಕೋತಿಗಳು ಅವನ ಅರ್ಧ ಫಸಲು ತಿಂದವು. ಕರಿಬಸವಯ್ಯ ತನ್ನ ತೋಟದಲ್ಲಿ ಎಣ್ಣೆ ಡಬ್ಬ ಬಡಿದು ಓಡಿಸಿದರೆ ಅವು ಬೇಲಿ ಹಾರಿ ಸದಾಶಿವಯ್ಯನ ತೋಟಕ್ಕೇ ಬರುತ್ತಿದ್ದವು. ದಿನಾ ಆ ಡಬ್ಬದ ಸದ್ದು ಕೇಳಿ ಅವನು ಎದ್ದು ಬಂದು, ಉದುರಿದ ಕಾಯಿ ಎಣಿಸುತ್ತಿದ್ದ.

ನವೆಂಬರಿನಲ್ಲಿ ಅಮೆರಿಕದ ಫಲಿತಾಂಶ ಬಂತು. ಆನೆ ಗೆದ್ದಿತು. ಸದಾಶಿವಯ್ಯ ತಿಪಟೂರಿಗೆ ಹೋಗಿ, ದೀಪಾವಳಿಯಲ್ಲಿ ಮಿಕ್ಕಿದ್ದ ಹತ್ತು ಸಾವಿರದ ಪಟಾಕಿ ಸರವನ್ನು ತಂದು, ಕರಿಬಸವಯ್ಯನ ಅಂಗಡಿಯ ಮುಂದೆ ಉದ್ದಕ್ಕೆ ಹಾಸಿ ಕಡ್ಡಿ ಗೀರಿದ. ಕ್ರಾಸಿನಲ್ಲಿದ್ದವರು ಯಾರೋ ಪಂಚಾಯಿತಿ ಗೆದ್ದರೆಂದುಕೊಂಡರು. ಹೊಗೆ ಕಳೆದಾಗ ಕರಿಬಸವಯ್ಯ ಎದೆ ಹಿಡಿದುಕೊಂಡು ಪೇಪರಿನ ರಾಶಿಯ ಮೇಲೆ ಕೂತಿದ್ದ. ಅಂದಿನಿಂದ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಪಟಾಕಿಗೂ ಎದೆಗೂ ಸಂಬಂಧವಿಲ್ಲ, ಅದು ಹಳೆಯ ಕಾಯಿಲೆ ಎಂದು ಡಾಕ್ಟರು ಹೇಳಿದ್ದರು. ಶಿವರುದ್ರಮ್ಮ ಡಾಕ್ಟರನ್ನು ನಂಬಲಿಲ್ಲ. ಸದಾಶಿವಯ್ಯನೂ ಒಳಗೊಳಗೇ ನಂಬಿರಲಿಲ್ಲ.

*

ಗುಂಡಿ ತೋಡಿದ್ದು ತೋಟದ ಕೊನೆಯಲ್ಲಿ, ಕತ್ತಾಳೆ ಬೇಲಿಗೆ ನಾಲ್ಕು ಹೆಜ್ಜೆಯಲ್ಲಿ. ಕರಿಬಸವಯ್ಯನನ್ನು ಕೂರಿಸಿ ಇಳಿಸಿ, ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಒಬ್ಬೊಬ್ಬರಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕತೊಡಗಿದರು. ಎಲ್ಲರೂ ಆದಮೇಲೆ ಸದಾಶಿವಯ್ಯ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಮುಂದೆ ಬಂದ.

ಶಿವರುದ್ರಮ್ಮ ಮಣ್ಣಿನ ಗುಡ್ಡೆಯ ಮುಂದೆ ನಿಂತಳು.

"ನಿಮ್ ಯಜಮಾನ ದಿನಾ ಹೇಳೋನು," ಎಂದ ಸದಾಶಿವಯ್ಯ, "ಯಾರ ಬಾಯೂ ಮುಚ್ಚಿಸ್ಬಾರ್ದು ಅಂತ. ನೀವು ನನ್ ಕೈ ಯಾಕೆ ಹಿಡೀತೀರಿ?"

"ಅದು ಅಮೆರಿಕದ ಕಾನೂನು. ಇದು ನನ್ ಗಂಡನ ಗುಂಡಿ."

ಮಗಳು ಮಧುಶ್ರೀ ತಾಯಿಯ ಹತ್ತಿರ ಬಂದು, ಹೋಗಲಿ ಬಿಡಮ್ಮ, ಸದಾಶಿವ ಮಾವ ಹಾಕಲಿ, ಅಪ್ಪ ಇದ್ದಿದ್ದರೆ ಬೈದಾದರೂ ಬಿಡುತ್ತಿದ್ದ ಎಂದಳು. ತಾಯಿ ಅವಳ ಕಡೆ ನೋಡಲೂ ಇಲ್ಲ.

"ತಪ್ಪಾಯ್ತು ಅನ್ನು," ಎಂದಳು ಸದಾಶಿವಯ್ಯನಿಗೆ. "ಪಟಾಕಿ ಹೊಡ್ದಿದ್ದು ತಪ್ಪಾಯ್ತು ಅಂತ ಇವರೆಲ್ಲರ ಮುಂದೆ ಅನ್ನು. ಹಾಕ್ಕೊಂಡು ಹೋಗು."

ಎಲ್ಲರೂ ಅವನ ಬಾಯನ್ನೇ ನೋಡಿದರು. ಅವನು ಸೊಂಟದ ಟವೆಲು ಬಿಚ್ಚಿ ಕೈಗೆ ತೆಗೆದುಕೊಂಡ. ಮಾತು ಬಂದೇಬಿಟ್ಟಿತು ಎನ್ನುವಷ್ಟರಲ್ಲಿ ಹಿಂದಿನಿಂದ ದಯಾನಂದ, "ಅನ್ಲಿ, ಅನ್ಲಿ. ಆನೆ ಮಂಡಿ ಊರೋದು ನಾವೂ ನೋಡಣ," ಎಂದ. ಯಾರೋ ಕಿಸಕ್ಕನೆ ನಕ್ಕರು.

"ಅವನು ಅರ್ಜಿ ಬರ್ದಿದ್ದು ತಪ್ಪು ಅಂತ ಮೊದ್ಲು ನೀವು ಅನ್ರಿ," ಎಂದ ಸದಾಶಿವಯ್ಯ.

ಅಷ್ಟೇ. ದಯಾನಂದ ಅವನ ರಟ್ಟೆ ಹಿಡಿದು ತೋಟದ ಗೇಟಿನವರೆಗೂ ನೂಕಿಕೊಂಡು ಹೋಗಿ ಆಚೆಗೆ ಬಿಟ್ಟ. ಎಪ್ಪತ್ತು ವರ್ಷದಲ್ಲಿ ಸದಾಶಿವಯ್ಯನ ಮೈಯನ್ನು ಹೀಗೆ ಮುಟ್ಟಿದವರಿರಲಿಲ್ಲ. ಕಂಕುಳಲ್ಲಿದ್ದ ಹಾರ ಗೇಟಿನ ಬಳಿ ಬಿದ್ದು, ಹಿಂದಿರುಗುವವರೆಲ್ಲ ಅದನ್ನು ತುಳಿದು ಹೋದರು.

*

ಹೊತ್ತಿಳಿಯುವ ಮುಂಚೆ ಶಿವರುದ್ರಮ್ಮನಿಗೆ ತಡೆಯಲಾಗಲಿಲ್ಲ. ಒಂದು ಸಲ ನೋಡಿ ಬರುತ್ತೇನೆಂದು ಮಧುಶ್ರೀಯನ್ನು ಕರೆದುಕೊಂಡು ತೋಟಕ್ಕೆ ಬಂದಳು. ಗೇಟು ದಾಟಿ ನಾಲ್ಕು ಮರ ಕಳೆಯುವಷ್ಟರಲ್ಲಿ ಇಬ್ಬರೂ ನಿಂತರು.

ಹಸಿಮಣ್ಣಿನ ಮೇಲೆ ಏಳೆಂಟು ಕೋತಿ. ಎಡೆಗಿಟ್ಟಿದ್ದ ಬಾಳೆಹಣ್ಣು ಸುಲಿಯುತ್ತ, ಒಡೆದ ಕಾಯಿಯ ಹೋಳು ಕೆರೆಯುತ್ತ ಕೂತಿದ್ದವು. ಒಂದು ದಡಿಯ ಗಂಡು ಕೋತಿ, ಸರಿಯಾಗಿ ಕರಿಬಸವಯ್ಯನ ತಲೆಯ ನೇರಕ್ಕೆ ಕೂತು ಮಣ್ಣು ಕೆದಕುತ್ತಿತ್ತು. ಡಬ್ಬ ಬಡಿಯುವವನು ಎದ್ದು ಬರುವುದಿಲ್ಲವೆಂದು ಅವಕ್ಕೂ ಗೊತ್ತಾಗಿತ್ತು.

ಬೇಲಿಯ ಆಚೆ, ತನ್ನ ತೋಟದಲ್ಲಿ, ಸದಾಶಿವಯ್ಯ ನಿಂತಿದ್ದ. ತಾಯಿ ಮಗಳನ್ನು ಅವನು ನೋಡಿರಲಿಲ್ಲ. ಟವೆಲು ಬೀಸಿದ, ಹುಷ್ ಎಂದ, ಚಪ್ಪಾಳೆ ತಟ್ಟಿದ. ಕೋತಿಗಳು ತಿರುಗಿ ನೋಡಿ ಮತ್ತೆ ತಿನ್ನತೊಡಗಿದವು.

"ನೋಡ್ಕೊಳ್ಲಾ," ಎಂದ ಅವನು. ಕೋತಿಗಲ್ಲ, ಗುಂಡಿಗೆ. "ಕೋವಿ ಇದ್ದಿದ್ರೆ ಒಂದೇ ಸದ್ದು. ಅರ್ಜಿ ಬರೀತೀಯಾ ಅರ್ಜಿ. ಈಗ ಅನುಭವಿಸು, ತಲೆ ಮ್ಯಾಲೇ ಕೂತವೆ." ದನಿ ಒಡೆದಿತ್ತು. ಒಂದಿಷ್ಟು ಕೆಟ್ಟ ಬೈಗುಳವನ್ನೂ ಬೈದ. ಬಗ್ಗಿ, ತನ್ನ ತೋಟದ ಉತ್ತ ಸಾಲಿನಿಂದ ಒಂದು ಹಿಡಿಗಾತ್ರದ ಮಣ್ಣಿನ ಹೆಂಟೆಯೆತ್ತಿ ಬೀಸಿ ಎಸೆದ. ಅದು ಗಂಡು ಕೋತಿಯ ಪಕ್ಕದಲ್ಲಿ ಬಿದ್ದು ಪುಡಿಯಾಯಿತು. ಕೋತಿಗಳು ಎದ್ದವು. ಎರಡನೆಯ ಹೆಂಟೆಗೆ ಚೀರುತ್ತ ಚೆದುರಿ, ಮರ ಹತ್ತಿ, ಗರಿಯಿಂದ ಗರಿಗೆ ಹಾರಿ ಕಣ್ಮರೆಯಾದವು.

ಸದಾಶಿವಯ್ಯ ಮತ್ತೆ ಬಗ್ಗಿದ.

"ಕೋತಿ ಹೋದ್ವಲ್ಲ, ಇನ್ಯಾಕಮ್ಮ ಎಸೀತಾರೆ..." ಎಂದು ಮಧುಶ್ರೀ ಮುಂದಕ್ಕೆ ಹೆಜ್ಜೆಯಿಟ್ಟಳು. ಶಿವರುದ್ರಮ್ಮ ಅವಳ ಮುಂಗೈಯನ್ನು ಹಿಡಿದುಕೊಂಡಳು, ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ.

ಮೂರನೆಯ ಹೆಂಟೆಯನ್ನು ಅವನು ಬೀಸಲಿಲ್ಲ. ಎರಡೂ ಅಂಗೈ ನಡುವೆ ಇಟ್ಟು ಹಿಸುಕಿ, ಕಲ್ಲುಗಳನ್ನೆಲ್ಲ ಆರಿಸಿ ತೆಗೆದು, ಕತ್ತಾಳೆಯ ಮುಳ್ಳು ಎದೆಗೆ ಒತ್ತುವವರೆಗೂ ಬೇಲಿಯ ಮೇಲೆ ಬಾಗಿ, ತೋಳು ಚಾಚಿದಷ್ಟೂ ಚಾಚಿ, ಗುಂಡಿಯ ಕಡೆಗೆ ಚೆಲ್ಲಿದ.