ಮಗ್ಗದ ಸಾಲಿನ ಮಾತು

ಮೊಮ್ಮಗಳು ತೀರಿಕೊಂಡ ಅಜ್ಜಿಯ ತಲೆ ಬಾಚಿ, ಇಲಿಬಾಲದಷ್ಟೇ ಉಳಿದಿದ್ದ ಜಡೆಯ ತುದಿಗೆ ದಾರ ಕಟ್ಟುತ್ತಿದ್ದಾಗ, ಕಿಟಕಿಯಾಚೆ ಅಂಗಳದಲ್ಲಿ ಅಜ್ಜಿಯ ಜೊತೆ ಗಿರಣಿಯಲ್ಲಿ ದುಡಿದ ಆರು ಮುದುಕಿಯರು ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದುದು ಅವಳಿಗೆ ಕಾಣಿಸಿತು. ಕೇಳಿಸಿತು ಅನ್ನುವ ಹಾಗಿಲ್ಲ. ಆರು ಬಾಯಿಗಳಿಂದ ಒಂದು ಸದ್ದೂ ಹೊರಡುತ್ತಿರಲಿಲ್ಲ. ಗೋಡೆಗೆ ತಾಗಿಸಿದ್ದ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತು, ತುಟಿಗಳನ್ನು ಅಗಲಿಸಿ, ಚಾಚಿ, ಕಚ್ಚಿ, ಬರೀ ಬಾಯಿ ಆಡಿಸುತ್ತಿದ್ದರು. ಸಾವಿಗೆಂದು ಬಂದ ನೆರೆಮನೆಯವರು ಅವರನ್ನು ನೋಡಿ, "ಪಾಪ, ಮನಸ್ಸಲ್ಲೇ ಪ್ರಾರ್ಥನೆ ಮಾಡ್ತಿದ್ದಾರೆ" ಎಂದು ಕೈಮುಗಿದು ಪಕ್ಕಕ್ಕೆ ಸರಿದರು.

ಪ್ರಾರ್ಥನೆಯಲ್ಲ, ಶುದ್ಧ ಚಾಡಿ.

"ಒಂದು ಹನಿ ಕಣ್ಣೀರು ಹಾಕಿಲ್ಲ ನೋಡೇ ಹುಡುಗಿ" ಎಂದಳು ಬೆಂಚಿನ ತುದಿಯಲ್ಲಿದ್ದವಳು.

"ನಿನ್ನೆಯಿಂದ ಅಪ್ಪನ ಹತ್ರ ಒಂದು ಮಾತೂ ಆಡಿಲ್ವಂತೆ."

"ಹೇಗೆ ಆಡ್ತಾಳೆ?" ಎಂದಳು ನಡುವೆ ಕೂತಿದ್ದ ಲಾಳಿ. ಮಗ್ಗದ ಲಾಳಿಯಂತೆ ಒಂದು ಕಡೆ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತಿದ್ದವಳೆಂದು ಗಿರಣಿಯಲ್ಲಿ ಬಿದ್ದ ಹೆಸರು ಅದು, ಐವತ್ತು ವರ್ಷವಾದರೂ ಬಿಟ್ಟಿಲ್ಲ. "ಅಜ್ಜಿ ಜೀವ ಬಿಡುವಾಗ ಇವಳು ಪಕ್ಕದ ಕೋಣೇಲಿ ಮಲಗಿದ್ಲು. ಅಪ್ಪ ಎಬ್ಬಿಸ್ಲೇ ಇಲ್ಲ. ಮುದುಕಿ ಕೊನೇಲಿ ಏನೋ ಹೇಳಿದ್ಲಂತೆ. ಆ ಮಗರಾಯನಿಗೆ ಏನಂದ್ರೆ ಏನೂ ಅರ್ಥ ಆಗಿಲ್ಲ."

ಮೊಮ್ಮಗಳು ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿದಳು. ಆರು ಮುಖಗಳೂ ಇತ್ತ ತಿರುಗಿದವು. ಅವಳೂ ದನಿಯಿಲ್ಲದೆ, ತುಟಿಯಲ್ಲೇ ಹೇಳಿದಳು: "ಲಾಳಿಯಜ್ಜಿ, ನನಗೆ ಎಲ್ಲಾ ಕಾಣಿಸ್ತಿದೆ."

ಆರು ಬಾಯಿಗಳೂ ಒಟ್ಟಿಗೆ ಮುಚ್ಚಿಕೊಂಡವು.

"ನಿನಗೂ ಕಲಿಸಿಬಿಟ್ಟಿದ್ದಾಳೆ ಅನ್ನೋದೇ ಮರೆತುಹೋಯ್ತು ಕಣೇ" ಎಂದಳು ಲಾಳಿ ತಡವರಿಸಿ. "ಬೇಜಾರು ಮಾಡ್ಕೋಬೇಡ."

"ಬೇಜಾರೇನಿಲ್ಲ. ನೀವು ಹೇಳಿದ್ದು ನಿಜಾನೇ."

ಹಿಂದಿನಿಂದ ಅಮ್ಮ ಬಂದು ಚಹಾದ ಲೋಟ ಚಾಚಿದಳು. "ಇದನ್ನಾದ್ರೂ ಕುಡಿ. ನಿನ್ನೆಯಿಂದ ಕಣ್ಣು ಮುಚ್ಚಿಲ್ಲ ನೀನು."

"ನಿದ್ದೆ ಸಾಕಮ್ಮ" ಎಂದಳು ಮಗಳು. "ಮಲಗಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು."

* * *

ಗಿರಣಿಯ ನೇಯ್ಗೆ ಮನೆಯಲ್ಲಿ ಇನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಕಿವಿಗೆ ಬಾಯಿ ಇಟ್ಟು ಕೂಗಿದರೂ ಕೇಳದು. ಹೊಸದಾಗಿ ಸೇರಿದ ಹುಡುಗಿಯರು ಮೊದಲ ವಾರ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದರು. ಮೂರು ತಿಂಗಳಲ್ಲಿ ಹಳಬರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಯುತ್ತಿದ್ದರು. ಆಮೇಲೆ ಈ ತುದಿಯ ಮಗ್ಗದಿಂದ ಆ ತುದಿಯ ಮಗ್ಗಕ್ಕೆ ಮನೆಯ ಜಗಳ, ಮಕ್ಕಳ ಜ್ವರ, ಮದುವೆಯ ಮಾತುಕತೆ ಎಲ್ಲಾ ಸಲೀಸಾಗಿ ಹೋಗಿಬರುತ್ತಿತ್ತು. ಮೇಸ್ತ್ರಿ ನಡುವೆ ನಿಂತು, ತನ್ನ ಹೆದರಿಕೆಗೆ ಎಲ್ಲರೂ ತುಟಿ ಪಿಟಕ್ಕೆನ್ನದೆ ದುಡಿಯುತ್ತಿದ್ದಾರೆಂದು ಮೀಸೆ ತಿರುವುತ್ತಿದ್ದ. ಅವನ ಎಡಕ್ಕೂ ಬಲಕ್ಕೂ ಆ ಮೀಸೆಯದೇ ವಿಚಾರಣೆ ನಡೆದಿರುತ್ತಿತ್ತು.

ಅಜ್ಜಿ ಹದಿನೆಂಟಕ್ಕೆ ಸೇರಿದವಳು, ಮೂವತ್ತೊಂದು ವರ್ಷ ನಾಲ್ಕು ಮಗ್ಗ ನೋಡಿಕೊಂಡಳು. ಕಿವಿ ಅರ್ಧ ಹೋಯಿತು, ಕಣ್ಣು ಇಮ್ಮಡಿಯಾಯಿತು. ಮದುವೆ ಮನೆಯಲ್ಲಿ ಹತ್ತು ಸಾಲು ಆಚೆ ಯಾರು ಯಾರನ್ನು ಆಡಿಕೊಂಡರೆಂದು ಕೂತಲ್ಲೇ ಹೇಳುತ್ತಿದ್ದಳು. ಟೀವಿಯಲ್ಲಿ ಆಟ ಬಂದರೆ ಇನ್ನೂ ಕಷ್ಟ. "ಆ ಉದ್ದನೆಯವನು ಈಗ ಏನಂದ ಗೊತ್ತಾ?" ಎಂದು ಶುರು ಮಾಡಿದರೆ ಸೊಸೆ ಓಡಿ ಬರುತ್ತಿದ್ದಳು: "ಅತ್ತೆ, ಬೇಡ, ಮಗು ಇದೆ!"

ಅಜ್ಜಿಯ ಒಬ್ಬನೇ ಮಗನಿಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಶಾಲೆಯ ಗೇಟು. ಅವಳು ಬೀದಿಯ ಆಚೆ ನಿಂತು, ಊಟ ಮಾಡಿದೆಯಾ, ಪೆಟ್ಟು ತಿಂದೆಯಾ ಎಂದು ಮೀನಿನಂತೆ ಬಾಯಿ ಅಗಲಿಸಿ ದನಿಯಿಲ್ಲದೆ ಕೇಳುವುದನ್ನು ನೋಡಿ ಹುಡುಗರು ಅವನಿಗೆ 'ಮೀನಮ್ಮನ ಮಗ' ಎಂದು ಹೆಸರಿಟ್ಟರು. ಅಂದಿನಿಂದ ಅಮ್ಮನ ತುಟಿ ಅಲ್ಲಾಡಿದರೆ ಅವನು ಮುಖ ಆಚೆ ತಿರುಗಿಸುತ್ತಿದ್ದ. ಅವಳು ಬೈಯಲಿಲ್ಲ. ಅವನ ಹತ್ತಿರ ಮಾತ್ರ ಗಟ್ಟಿಯಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು.

ಅದೇ ಮಗ ಅದೇ ಗಿರಣಿಗೆ ಮೆಕ್ಯಾನಿಕ್ ಆಗಿ ಸೇರಿದ. ಅವನಿಗೆ ಇಪ್ಪತ್ತಾರು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿತ್ತು. ತಾಯಿ ಮಗ ಇಬ್ಬರೂ ಒಂದೇ ನೋಟೀಸನ್ನು ಓದಿ ಮನೆಗೆ ನಡೆದರು. ಅವನು ಗೋಡೆ ನೋಡುತ್ತಾ ಎರಡು ದಿನ ಕೂತ. ಮೂರನೆಯ ದಿನ ಅವಳೇ ಎದ್ದಳು.

"ನೀನು ಗಾಡಿ ಕಲಿ. ಇವಳು ಹೊಲಿಗೆ ಕಾರ್ಖಾನೆಗೆ ಸೇರ್ಲಿ. ಮಗೂನ ನನ್ನ ಹತ್ರ ಬಿಡಿ."

"ಮೂರು ತಿಂಗಳ ಕೂಸು ಅತ್ತೆ, ನಿಮ್ಮ ಕೈಲಿ ಆಗುತ್ತಾ?"

"ನಾಲ್ಕು ಮಗ್ಗ ನೋಡ್ಕೊಂಡವಳಿಗೆ ಒಂದು ಮಗು ಹೆಚ್ಚಾ?"

ಹಾಗೆ ಆ ಕೂಸು ದಿನಕ್ಕೆ ಹತ್ತು ಗಂಟೆ ಅಜ್ಜಿಯ ಮುಖವನ್ನೇ ನೋಡುತ್ತಾ ಬೆಳೆಯಿತು. ದನಿ ಬರುವ ಮೊದಲೇ ತುಟಿ ಓದುವುದು ಬಂತು. ಶಾಲೆಯ ಗೇಟಿನಲ್ಲಿ ಅಜ್ಜಿ ಬಾಯಾಡಿಸಿದರೆ ಇವಳು ನಾಚಲಿಲ್ಲ. ಬೀದಿಯಾಚೆಯಿಂದ ಅಷ್ಟೇ ಅಗಲವಾಗಿ ಉತ್ತರ ಕೊಟ್ಟಳು. ಗೆಳತಿಯರು ತಮಗೂ ಕಲಿಸು ಎಂದು ಹಿಂದೆ ಬಿದ್ದರು. ಒಂದೇ ಬೀದಿ, ಒಂದೇ ಗೇಟು, ಕಾಲ ಮಾತ್ರ ಬೇರೆ.

ಹುಡುಗಿ ನರ್ಸ್ ಆದಳು. ಐಸಿಯುನಲ್ಲಿ ಕೆಲಸ. ಅಲ್ಲಿ ಗಂಟಲಿಗೆ ಕೊಳವೆ ಇಟ್ಟವರು ಬಾಯಿ ಆಡಿಸುತ್ತಾರೆ, ದನಿ ಹೊರಡುವುದಿಲ್ಲ. ಸೇರಿದ ಮೊದಲ ವಾರವೇ ಒಬ್ಬ ಮುದುಕ ಹಾಗೆ ಬಾಯಾಡಿಸಿ ಆಡಿಸಿ ಸಿಟ್ಟಿಗೆದ್ದು ಮಂಚ ಗುದ್ದುತ್ತಿದ್ದಾಗ, "ಎಡಗಾಲು ಮರಗಟ್ಟಿದೆಯಂತೆ, ಸ್ವಲ್ಪ ತಿರುಗಿಸಬೇಕಂತೆ" ಎಂದಳು ಇವಳು. ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಎಲ್ಲಿ ಕಲಿತೆಯಮ್ಮ ಇದನ್ನ?"

"ನಮ್ಮಜ್ಜಿ ಗಿರಣೀಲಿದ್ರು ಸರ್."

ಮನೆಗೆ ಬಂದು ಹೇಳಿದಾಗ ಅಜ್ಜಿ ಹಿಗ್ಗಿ ಹೀರೇಕಾಯಿಯಾದಳು. ತೋರಿಸಿಕೊಳ್ಳಲಿಲ್ಲ, ಪಾಠಕ್ಕೆ ಕೂತಳು. "ಮೀಸೆ ದಪ್ಪ ಇದ್ರೆ ಗದ್ದ ನೋಡು. ಹಲ್ಲಿಲ್ದೋರಾದ್ರೆ ಕೆನ್ನೆ ನೋಡು. ಗಾಬರಿಯಾದೋರು ಬಾಯಿ ಮುಚ್ಚೋದೇ ಇಲ್ಲ, ಮೊದಲು ಅವರ ಕೈ ಹಿಡ್ಕೋ, ಆಮೇಲೆ ಓದು."

ಹೋದ ವರ್ಷ ಅಜ್ಜಿಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಅದಕ್ಕೆ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ದನಿಯಿಲ್ಲದೆ ಮಾತಾಡಿಯೇ ಅರ್ಧ ಆಯಸ್ಸು ಕಳೆದವಳು. ಕಷ್ಟವಾದದ್ದು ಮಗನಿಗೆ. ದಿನಕ್ಕೆ ಇಪ್ಪತ್ತು ಸಲ "ಏನಂತೆ?" ಎಂದು ಮಗಳ ಕಡೆ ತಿರುಗುತ್ತಿದ್ದ. ಹಗಲು ಮನೆಯಲ್ಲಿರಬೇಕೆಂದೇ ಅವಳು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಕೇಳಿ ಪಡೆದಳು. ಬೆಳಿಗ್ಗೆ ಬಂದು, ಅಜ್ಜಿಗೆ ತಿಂಡಿ ತಿನ್ನಿಸಿ, ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಳು.

ನಿನ್ನೆಯೂ ಹಾಗೇ ಮಲಗಿದ್ದಳು.

* * *

ಸ್ಮಶಾನದಲ್ಲಿ, ಗುಂಡಿ ಇನ್ನೂ ಒಂದಡಿ ಆಳವಾಗಬೇಕು ಎಂದರು ಅಗೆಯುವವರು. ಬಂದವರೆಲ್ಲ ನೆರಳು ಹುಡುಕಿ ಹಂಚಿಹೋದರು. ಆರು ಮುದುಕಿಯರು ಗೋಡೆಯ ಬುಡದಲ್ಲಿ ನಿಂತರು. ಎದುರಿನ ಮರದ ಕೆಳಗಿನ ಕಲ್ಲಿನ ಮೇಲೆ ಅಪ್ಪ ಕೂತಿದ್ದ. ಮಗಳು ಹೋಗಿ ಅವನ ಮುಂದೆ ನಿಂತಳು.

"ಯಾಕಪ್ಪ ಎಬ್ಬಿಸ್ಲಿಲ್ಲ ನನ್ನ?"

ನಿನ್ನೆಯಿಂದ ಅವಳು ಅಪ್ಪನ ಹತ್ತಿರ ಆಡಿದ ಮೊದಲ ಮಾತು. ಅಪ್ಪ ನೆಲ ನೋಡಿದ.

"ಹನ್ನೊಂದು ಗಂಟೆ ಇರಬೇಕು. ನನ್ನ ಕೈ ಹಿಡ್ಕೊಂಡ್ಲು. ಏನೋ ಹೇಳಿದ್ಲು. ನೀರು ಬೇಕಾ ಅಂದೆ. ಅಲ್ಲ ಅಂತ ತಲೆ ಆಡಿಸಿದ್ಲು. ದಿಂಬು ಎತ್ತರ ಮಾಡ್ಲಾ ಅಂದೆ. ಅದೂ ಅಲ್ಲ. ಮತ್ತೆ ಅದನ್ನೇ ಹೇಳಿದ್ಲು. ನಿನ್ನ ಕರೆಯೋಣ ಅಂತ ಎದ್ದೆ. ಕೈ ಬಿಡ್ಲಿಲ್ಲ."

"ಬಿಡಿಸ್ಕೊಂಡು ಬರ್ಬೇಕಿತ್ತು. ಮಧ್ಯ ಒಂದು ಗೋಡೆ ಅಷ್ಟೇ ಇದ್ದಿದ್ದು."

"ಬರ್ಬೇಕಿತ್ತು" ಎಂದ ಅಪ್ಪ. "ಮೂರನೇ ಸಲ ಹೇಳಿ ಕಣ್ಣು ಮುಚ್ಚಿದ್ಲು. ನಿದ್ದೆ ಬಂತು ಅಂದ್ಕೊಂಡೆ ನಾನು."

"ಊರವರೆಲ್ಲರ ತುಟಿ ಓದ್ತೀನಿ. ನಮ್ಮಜ್ಜಿದು ಓದೋಕಾಗ್ಲಿಲ್ಲ ನನಗೆ."

"ನಾನು ನಲವತ್ತು ವರ್ಷ ಅವಳ ಬಾಯಿ ನೋಡ್ದೆ ಮುಖ ತಿರುಗಿಸಿದೋನು" ಎಂದ ಅಪ್ಪ. "ನಿನ್ನೆ ಮಾತ್ರ ನೋಡಿದೆ ಕಣೇ. ಕಣ್ಣು ಮಿಟುಕಿಸ್ದೆ ನೋಡಿದೆ. ಅರ್ಥ ಆಗ್ಲಿಲ್ಲ, ಆದ್ರೆ ಹಾಗೇ ನೆನಪಿದೆ. ಹೀಗಂದ್ಲು."

ಅವನು ಮುಖ ಎತ್ತಿದ. ತುಟಿ ಕೂಡಿಸಿ ತೆರೆದ. ದುಂಡಗೆ ಮಾಡಿ ಮುಂದಕ್ಕೆ ಚಾಚಿದ. ಅಗಲಿಸಿದ. ಮತ್ತೆ ಗಟ್ಟಿಯಾಗಿ ಕೂಡಿಸಿದ, ಹಲ್ಲು ತೋರಿಸಿದ, ಇನ್ನೊಮ್ಮೆ ಕೂಡಿಸಿ ತೆರೆದು ನಿಲ್ಲಿಸಿದ. ಅರ್ಥ ಗೊತ್ತಿಲ್ಲದ ಪಾಠವನ್ನು ಒಪ್ಪಿಸುವ ಶಾಲೆಯ ಹುಡುಗನ ಹಾಗೆ, ಒಂದನ್ನೂ ಬಿಡದೆ.

ಎದುರುಗಡೆ ಗೋಡೆಯ ಬುಡದಲ್ಲಿ ಲಾಳಿ ಪಕ್ಕದವಳ ತೋಳು ಹಿಡಿದುಕೊಂಡಳು. ಆರು ಮುದುಕಿಯರೂ ಅವನ ಬಾಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ" ಎಂದಳು ಮಗಳು. ಅವಳಿಗೆ ಮೊದಲ ಸಲವೇ ತಿಳಿದಿತ್ತು.

ಅವನು ಇನ್ನೊಮ್ಮೆ ಮಾಡಿ ತೋರಿಸಿದ. ಅವಳು ಅವನ ಮುಂದೆ ಕುಸಿದು ಕೂತು, ಅವನ ಮೊಣಕಾಲಿಗೆ ಹಣೆ ಹಚ್ಚಿದಳು. ನಿನ್ನೆಯಿಂದ ತಡೆದಿದ್ದ ಅಳು ಒಮ್ಮೆಲೇ ಬಂತು.

"ಏನಂತೆ?" ಎಂದ ಅಪ್ಪ. "ಏನಂದ್ಲು ಹೇಳೇ, ನಿನ್ನ ದಮ್ಮಯ್ಯ."

"ಮಗೂನ ಎಬ್ಬಿಸಬೇಡ." ಅವಳು ತಲೆ ಎತ್ತದೆ ಹೇಳಿದಳು. "ಮಗೂನ ಎಬ್ಬಿಸಬೇಡ ಅಂದಿದ್ದಾರೆ ಅಪ್ಪ."

ಗುದ್ದಲಿಯ ಸದ್ದು ನಿಂತಿತು. ಅಗೆಯುವವರು ಮೇಲೆ ಬಂದು ಬೆವರು ಒರೆಸಿಕೊಂಡು ಇತ್ತ ನೋಡಿದರು.

"ನಾನು ಎಬ್ಬಿಸ್ಲಿಲ್ಲ" ಎಂದ ಅಪ್ಪ, ತನಗೇ ಹೇಳಿಕೊಳ್ಳುವಂತೆ. "ಎಬ್ಬಿಸ್ಲಿಲ್ಲ ನಾನು."

* * *

ಮಣ್ಣು ಹಾಕಿ ಮುಗಿದಾಗ ಬಿಸಿಲು ಇಳಿದಿತ್ತು. ಇವತ್ತು ನೀನು ಸ್ಟೀರಿಂಗ್ ಮುಟ್ಟಬೇಡ ಎಂದು, ಜೊತೆಗೆ ದುಡಿಯುವ ಡ್ರೈವರ್ ಒಬ್ಬ ಅಪ್ಪನ ವ್ಯಾನನ್ನು ತಾನೇ ತಂದಿದ್ದ. ಮುಂದಿನ ಸೀಟಿನಲ್ಲಿ ಅಮ್ಮ ಕೂತಳು. ಹಿಂದಿನ ಎರಡು ಸಾಲುಗಳಲ್ಲಿ ಮುದುಕಿಯರು. ನಡುವೆ, ಅಪ್ಪನ ಪಕ್ಕದಲ್ಲಿ ಮಗಳು. ಎರಡು ತಿರುವು ದಾಟುವಷ್ಟರಲ್ಲಿ ಅವಳ ತಲೆ ವಾಲಿತು. ಅಪ್ಪ ಭುಜ ತಗ್ಗಿಸಿ ಕೊಟ್ಟ. ಆಮೇಲೆ ದಾರಿಯುದ್ದಕ್ಕೂ ಹಾಗೇ ಓರೆಯಾಗಿ ಕೂತ.

ಮನೆಯ ಮುಂದೆ ಗಾಡಿ ನಿಂತಿತು. ಡ್ರೈವರ್ ಹಿಂದಕ್ಕೆ ತಿರುಗಿದ. "ಅಣ್ಣ, ಮನೆ ಬಂತು—"

ಅಪ್ಪ ಕೈ ಎತ್ತಿ ತಡೆದ. ಮಗಳ ತಲೆ ಅಲುಗದಂತೆ ಮುಖವನ್ನಷ್ಟೇ ಹೊರಳಿಸಿ, ತುಟಿಗಳನ್ನು ಕೂಡಿಸಿ, ದುಂಡಗೆ ಮಾಡಿ, ಅಗಲಿಸಿ, ದನಿಯಿಲ್ಲದೆ ಮೂರು ಮೊಳದಾಚೆಗೆ ಮಾತು ಕಳಿಸಿದ.

"ಏನಣ್ಣ? ಏನು?" ಎಂದ ಡ್ರೈವರ್, ಕಣ್ಣು ಕಣ್ಣು ಬಿಡುತ್ತಾ.

ಲಾಳಿ ಹಿಂದಿನ ಸೀಟಿನಿಂದ ಎದ್ದು ಮುಂದೆ ಬಂದು, ಬಾಗಿ, ಡ್ರೈವರನ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಆರು ಮುದುಕಿಯರೂ ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬರನ್ನೊಬ್ಬರು ಆತುಕೊಂಡು ಕೆಳಗಿಳಿದರು. ಕೊನೆಗೆ ಇಳಿದವಳು ವ್ಯಾನಿನ ಬಾಗಿಲನ್ನು ಎಳೆಯಲು ಹೋಗಿ, ಎಳೆದರೆ ಸದ್ದಾದೀತೆಂದು ಹಾಗೇ ತೆರೆದು ಬಿಟ್ಟು ಬರಿಗಾಲಲ್ಲಿ ನಡೆದಳು.